ನಡುಪೇಟೆಯ ಸರಕು ಸಾಗಣೆಯಲ್ಲಿ ಸೈಕಲ್ಲಿನ ಸ್ಥಾನ

೧

ಸರಕು ಸಾಗಣೆಯ ವೆಚ್ಚವನ್ನು ಬಿಡಿಬಿಡಿಯಾಗಿ ಲೆಕ್ಕಹಾಕಿ ನೋಡಿದವರಿಗೆ ಒಂದು ವಿಚಿತ್ರ ಸಂಗತಿ ಗೋಚರಿಸದೆ ಇರದು. ಸೂರತ್ತಿನಿಂದ ಭಿವಂಡಿಯ ಗೋದಾಮಿನವರೆಗೆ ಲಾರಿಯಲ್ಲಿ ಬಂದ ಬಟ್ಟೆಯ ಗಂಟಿಗೆ ಪ್ರತಿ ಮೈಲಿಗೂ ತಗಲುವ ವೆಚ್ಚ ಅತ್ಯಲ್ಪ. ಚಾಲಕನ ಕೂಲಿಯೂ ಲಾರಿಯ ಡೀಸೆಲ್ಲೂ ಅಂಥ ನೂರಾರು ಗಂಟುಗಳ ಮೇಲೆ ಹಂಚಿಹೋಗುವುದೇ ಇದಕ್ಕೆ ಕಾರಣ. ಅದೇ ಗಂಟು ಮುಂಬಯಿಯ ಭುಲೇಶ್ವರದ ಓಣಿಯೊಂದರಲ್ಲಿರುವ ಅಂಗಡಿಯನ್ನು ಸೇರಬೇಕಾದಾಗ ಲೆಕ್ಕ ತಲೆಕೆಳಗಾಗುತ್ತದೆ. ವಾಹನ ಸಣ್ಣದಾಗುತ್ತದೆ, ನಿಲುಗಡೆಗಳು ಹೆಚ್ಚುತ್ತವೆ, ನಿಲ್ಲಲು ಸ್ಥಳ ಸಿಕ್ಕುವುದಿಲ್ಲ, ಪ್ರತಿ ಬಾಗಿಲಿಗೂ ಒಬ್ಬ ಮನುಷ್ಯ ಇಳಿದು ಹೋಗಲೇಬೇಕಾಗುತ್ತದೆ. ದೂರ ಕಡಿಮೆಯಾದಷ್ಟೂ ದರ ಏರುವ ಈ ವೈಪರೀತ್ಯವನ್ನೇ ಸಾಗಣೆಯ ವ್ಯವಹಾರದವರು ‘ಕೊನೆಯ ಮೈಲಿ’ಯ ಸಮಸ್ಯೆಯೆಂದು ಕರೆಯುತ್ತಾರೆ.

ಈ ಕೊನೆಯ ಮೈಲಿಗೆ ಸೈಕಲ್ಲೇ ತಕ್ಕ ವಾಹನವೆಂಬ ಅಭಿಪ್ರಾಯ ಕಳೆದ ಹದಿನೈದು ವರ್ಷಗಳಿಂದ ಐರೋಪ್ಯ ನಗರಗಳಲ್ಲಿ ಬಲಗೊಳ್ಳುತ್ತ ಬಂದಿದೆ. ಅಲ್ಲಿಯ ಸರ್ಕಾರಗಳು ಸರಕಿನ ಸೈಕಲ್ಲಿಗೆ ಸಹಾಯಧನ ಕೊಡುತ್ತಿವೆ. ಪ್ರಪಂಚದ ಅತಿ ದೊಡ್ಡ ಸಾಗಣೆ ಕಂಪನಿಗಳು ಅದನ್ನು ಪ್ರಯೋಗಿಸಿ ನೋಡಿವೆ. ಭಾರತದ ಪೇಟೆಗಳನ್ನು ಬಲ್ಲವರಿಗೆ ಇದು ಸೋಜಿಗವೆನಿಸಬಹುದು. ಮೂರು ಗಾಲಿಯ ಸೈಕಲ್ ಗಾಡಿ ಇಲ್ಲಿಂದ ಎಂದೂ ಮರೆಯಾಗಿಲ್ಲ. ಆದರೆ ಅದಕ್ಕೆ ದೊರೆತಿರುವುದು ಸಹಾಯಧನವಲ್ಲ, ಪೋಲೀಸರ ಲಾಠಿ. ಒಂದೇ ವಾಹನ ಒಂದೆಡೆ ಭವಿಷ್ಯದ ಸಾಧನವೆಂದೂ ಇನ್ನೊಂದೆಡೆ ಭೂತಕಾಲದ ಅವಶೇಷವೆಂದೂ ಎಣಿಸಲ್ಪಡುವುದೇಕೆ? ಅದು ನಿಜವಾಗಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು? ಈ ಎರಡು ಪ್ರಶ್ನೆಗಳೇ ಪ್ರಕೃತ ವಿಚಾರದ ವಿಷಯ.

೨

ಸರಕಿನ ಸೈಕಲ್ಲು ಹೊಸದಾಗಿ ಕಂಡುಹಿಡಿದ ಸಾಧನವೇನೂ ಅಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಯುರೋಪಿನ ರೊಟ್ಟಿಯಂಗಡಿ, ಮಾಂಸದಂಗಡಿ, ಹಾಲಿನಂಗಡಿಗಳ ಹುಡುಗರು ಮುಂದೆ ಬುಟ್ಟಿ ಕಟ್ಟಿದ ಸೈಕಲ್ಲುಗಳ ಮೇಲೆಯೇ ಮನೆಮನೆಗೆ ಬಟವಾಡೆ ಮಾಡುತ್ತಿದ್ದರು. ಡಚ್ಚರ ‘ಬಾಕ್‌ಫೀಟ್ಸ್’, ಎಂದರೆ ಪೆಟ್ಟಿಗೆಯ ಸೈಕಲ್ಲು, ಆ ಕಾಲದ್ದೇ. ಸವಾರನಿಗೂ ಮುಂಗಾಲಿಗೂ ನಡುವೆ ತಗ್ಗಾದ ಹಲಗೆಯನ್ನುಳ್ಳ ‘ಲಾಂಗ್ ಜಾನ್’ ಎಂಬ ಉದ್ದನೆಯ ಸೈಕಲ್ಲು ೧೯೨೦ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ರೂಪುಗೊಂಡಿತು. ಭಾರವನ್ನು ನೆಲಕ್ಕೆ ಆದಷ್ಟು ಸಮೀಪದಲ್ಲಿ ಇರಿಸಿ ಓಲಾಟವನ್ನು ತಗ್ಗಿಸುವುದು ಅದರ ರಹಸ್ಯ. ಇಂದಿಗೂ ಎರಡು ಗಾಲಿಯ ಸರಕಿನ ಸೈಕಲ್ಲುಗಳಲ್ಲಿ ಅನೇಕವು ಇದೇ ಮಾದರಿಯವು. ಇಂದು ವಿಮಾನಗಳ ದಂಡನ್ನೇ ಇಟ್ಟುಕೊಂಡಿರುವ ಯು.ಪಿ.ಎಸ್. ಕಂಪನಿ ಕೂಡ ೧೯೦೭ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಕಾಲ್ನಡಿಗೆಯ ಮತ್ತು ಸೈಕಲ್ಲಿನ ಹುಡುಗರಿಂದ ಸಂದೇಶಗಳನ್ನು ಮುಟ್ಟಿಸುವ ಸಣ್ಣ ಸಂಸ್ಥೆಯಾಗಿ ಹುಟ್ಟಿತು.

ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲು ಅಗ್ಗವಾಯಿತು, ರಸ್ತೆಗಳು ಅಗಲವಾದುವು, ಕೂಲಿ ಏರಿತು. ವ್ಯಾನು ಸೈಕಲ್ಲನ್ನು ಓಡಿಸಿತು. ಅದರ ಪುನರುಜ್ಜೀವನದ ಆರಂಭ ವ್ಯಾಪಾರದಿಂದಲ್ಲ, ಸಂಸಾರದಿಂದ: ಕೋಪನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಬಡಾವಣೆಯಲ್ಲಿ ೧೯೮೪ರಲ್ಲಿ ತಯಾರಾದ ಮೂರು ಗಾಲಿಯ ಪೆಟ್ಟಿಗೆ ಸೈಕಲ್ಲು ಮಕ್ಕಳನ್ನೂ ಸಂತೆಯ ಸಾಮಾನನ್ನೂ ಹೊತ್ತು ತಿರುಗಿ ಪ್ರಸಿದ್ಧವಾಯಿತು. ವಿದ್ಯುತ್ ಸಹಾಯದ ಮೋಟಾರು ಬಂದಮೇಲೆ ವ್ಯಾಪಾರಸ್ಥರ ದೃಷ್ಟಿಯೂ ಇತ್ತ ಹೊರಳಿತು.

೩

ವ್ಯಾನು ಸೈಕಲ್ಲಿಗಿಂತ ವೇಗವಾಗಿ ಓಡುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಬಟವಾಡೆಯೆಂದರೆ ಓಟವಲ್ಲ. ಅದರ ಕಾಲ ಮೂರು ಭಾಗಗಳಾಗಿ ವ್ಯಯವಾಗುತ್ತದೆ: ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಹೋಗುವುದು, ನಿಲ್ಲಲು ಸ್ಥಳ ಹುಡುಕುವುದು, ನಿಂತ ಸ್ಥಳದಿಂದ ಬಾಗಿಲಿನವರೆಗೆ ನಡೆದು ಮರಳುವುದು. ಲಂಡನ್ನಿನ ಕೇಂದ್ರಭಾಗದಲ್ಲಿ ಸಂಶೋಧಕರು ವ್ಯಾನುಗಳ ಸರದಿಯನ್ನು ಹಿಂಬಾಲಿಸಿ ಅಳೆದಾಗ, ವಾಹನ ತನ್ನ ಸರದಿಯ ಅರ್ಧಕ್ಕಿಂತ ಹೆಚ್ಚು ಕಾಲ ರಸ್ತೆಯಂಚಿನಲ್ಲಿ ಸುಮ್ಮನೆ ನಿಂತಿರುತ್ತದೆಯೆಂದೂ, ಚಾಲಕ ದಿನಕ್ಕೆ ಹಲವು ಕಿಲೋಮೀಟರು ನಡೆಯುತ್ತಾನೆಂದೂ ಕಂಡುಬಂತು. ಎಂದರೆ ನಡುಪೇಟೆಯಲ್ಲಿ ವ್ಯಾನಿನ ಚಾಲಕ ವಸ್ತುತಃ ಪಾದಚಾರಿಯೇ. ಅವನ ವಾಹನ ರಸ್ತೆಯ ಮೇಲಿಟ್ಟ ಒಂದು ದಾಸ್ತಾನು ಕೋಣೆ.

ಸೈಕಲ್ಲಿನ ಲಾಭವಿರುವುದು ಇಲ್ಲಿ. ಅದು ಅಂಗಡಿಯ ಬಾಗಿಲಲ್ಲೇ ನಿಲ್ಲುತ್ತದೆ, ಓಣಿಗಳಲ್ಲಿ ನುಸುಳುತ್ತದೆ, ವಾಹನಗಳ ಸಾಲು ಸ್ತಬ್ಧವಾದಾಗಲೂ ಅಂಚಿನಲ್ಲಿ ಚಲಿಸುತ್ತದೆ. ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಲಂಡನ್ನಿನ ಒಂದು ಸೈಕಲ್ ಸಾಗಣೆ ಸಂಸ್ಥೆಯ ಸಂಚಾರದ ದಾಖಲೆಗಳನ್ನು ವ್ಯಾನಿನ ಸಂಚಾರಕ್ಕೆ ಹೋಲಿಸಿ ೨೦೨೧ರಲ್ಲಿ ಪ್ರಕಟಿಸಿದ ವರದಿಯಂತೆ, ನಗರದ ಕೇಂದ್ರದಲ್ಲಿ ಸೈಕಲ್ಲು ಗಂಟೆಗೆ ೧೦ ಪೊಟ್ಟಣಗಳನ್ನು ಮುಟ್ಟಿಸಿದರೆ ವ್ಯಾನು ೬ನ್ನು ಮುಟ್ಟಿಸುತ್ತದೆ. ಇಂಗಾಲದ ಹೊಗೆಯಾದರೋ ಡೀಸೆಲ್ ವ್ಯಾನಿಗೆ ಹೋಲಿಸಿದರೆ ನೂರಕ್ಕೆ ೯೦ರಷ್ಟು, ವಿದ್ಯುತ್ ವ್ಯಾನಿಗೆ ಹೋಲಿಸಿದರೂ ಮೂರನೆಯ ಒಂದು ಪಾಲಿನಷ್ಟು ಕಡಿಮೆ.

ಇಂಥ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಐರೋಪ್ಯ ಒಕ್ಕೂಟದ ನೆರವಿನಿಂದ ೨೦೧೧ರಿಂದ ೨೦೧೪ರವರೆಗೆ ನಡೆದ ‘ಸೈಕಲ್‌ಲಾಜಿಸ್ಟಿಕ್ಸ್’ ಎಂಬ ಅಧ್ಯಯನ, ನಗರಗಳಲ್ಲಿ ಸರಕನ್ನು ಹೊರುವ ಮೋಟಾರು ಪ್ರಯಾಣಗಳಲ್ಲಿ ನೂರಕ್ಕೆ ೫೧ನ್ನು ಸೈಕಲ್ಲಿಗೆ ವರ್ಗಾಯಿಸಬಹುದೆಂದು ಅಂದಾಜು ಮಾಡಿತು. ಆದರೆ ಈ ಲೆಕ್ಕದಲ್ಲಿ ಗೃಹಸ್ಥರು ಕಾರಿನಲ್ಲಿ ಹೋಗಿ ತರಕಾರಿ ತರುವ ಪ್ರಯಾಣವೂ ಸೇರಿದೆ. ಅಷ್ಟೇ ಅಲ್ಲ, ಅದು ಪ್ರಯಾಣಗಳ ಸಂಖ್ಯೆ, ಸರಕಿನ ತೂಕವಲ್ಲ. ಸಿಮೆಂಟು, ಕಬ್ಬಿಣ, ಬೀರು, ಶೀತಪೆಟ್ಟಿಗೆಗಳು ಸಂಖ್ಯೆಯಲ್ಲಿ ಕೆಲವೇ ಆದರೂ ತೂಕದಲ್ಲಿ ಬಹುಪಾಲು. ಅವು ಲಾರಿಯ ಪಾಲಿಗೇ ಉಳಿಯತಕ್ಕವು.

೪

ಸೈಕಲ್ಲಿನ ಮಿತಿ ಸವಾರನ ಮಾಂಸಖಂಡದ ಮಿತಿ. ಆರೋಗ್ಯವಂತನಾದ ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ ಎಡೆಬಿಡದೆ ಕೊಡಬಲ್ಲ ಶಕ್ತಿ ಸುಮಾರು ೭೫ ವಾಟ್. ಸವಾರ, ಗಾಡಿ, ಸರಕು ಮೂರೂ ಸೇರಿ ೩೦೦ ಕಿಲೋಗ್ರಾಂ ಎಂದು ಭಾವಿಸೋಣ. ಸಮತಲದಲ್ಲಿ ಒಳ್ಳೆಯ ಗಾಲಿಗಳಿದ್ದರೆ ಇಷ್ಟು ಭಾರವನ್ನು ಅವನು ನಡಿಗೆಗಿಂತ ವೇಗವಾಗಿ ಒಯ್ಯಬಲ್ಲ. ಆದರೆ ಇಪ್ಪತ್ತು ಅಡಿಗೆ ಒಂದು ಅಡಿ ಏರುವ ರಸ್ತೆ ಬಂದಾಗ, ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅದೇ ೭೫ ವಾಟ್ ಗಂಟೆಗೆ ೧.೮ ಕಿಲೋಮೀಟರಿನ ವೇಗವನ್ನಷ್ಟೇ ಕೊಡುತ್ತದೆ. ಆದುದರಿಂದಲೇ ಮೇಲುಸೇತುವೆಯ ಏರಿನಲ್ಲಿ ಸೈಕಲ್ ಗಾಡಿಯವನು ಕೆಳಗಿಳಿದು, ಒಂದು ಕೈ ಹಿಡಿಕೆಯ ಮೇಲೂ ಒಂದು ಕೈ ಆಸನದ ಮೇಲೂ ಇಟ್ಟು, ಮೈಯನ್ನು ಬಾಗಿಸಿ ತಳ್ಳುವ ದೃಶ್ಯ ಎಲ್ಲ ನಗರಗಳಲ್ಲಿಯೂ ಕಾಣಬರುವುದು. ಅದು ಸೋಮಾರಿತನವೂ ಅಲ್ಲ, ಅಶಕ್ತತೆಯೂ ಅಲ್ಲ. ಗಣಿತದ ಅನಿವಾರ್ಯ ಫಲ.

ಇದಕ್ಕೆ ೨೫೦ ವಾಟಿನ ಮೋಟಾರನ್ನು ಕೂಡಿಸಿದರೆ ಅದೇ ಏರಿನಲ್ಲಿ ವೇಗ ಗಂಟೆಗೆ ಎಂಟು ಕಿಲೋಮೀಟರಿನ ಸಮೀಪಕ್ಕೆ ಬರುತ್ತದೆ. ಐರೋಪ್ಯ ಕಾನೂನಿನಂತೆ ಸೈಕಲ್ಲಿನ ಸಹಾಯಕ ಮೋಟಾರಿನ ಮಿತಿ ಇದೇ ೨೫೦ ವಾಟ್. ಗಂಟೆಗೆ ೨೫ ಕಿಲೋಮೀಟರು ಮುಟ್ಟಿದೊಡನೆ ಸಹಾಯ ನಿಲ್ಲತಕ್ಕದ್ದು. ಕೇವಲ ಒಂದು ಮಿಕ್ಸರಿನಷ್ಟೂ ಇಲ್ಲದ ಈ ಶಕ್ತಿ ಸವಾರನ ದುಡಿಮೆಯನ್ನು ನಾಲ್ಕು ಮಡಿಗೂ ಮೀರಿ ಹೆಚ್ಚಿಸುತ್ತದೆ. ಪಾಶ್ಚಾತ್ಯ ನಗರಗಳ ಸರಕಿನ ಸೈಕಲ್ಲಿಗೂ ಭಾರತದ ಸೈಕಲ್ ಗಾಡಿಗೂ ಇರುವ ಭೇದ ಮುಖ್ಯವಾಗಿ ಇಷ್ಟೇ: ಮೋಟಾರು, ಗೇರು, ಎಲ್ಲ ಗಾಲಿಗಳಿಗೂ ಬಿಗಿಯಾದ ಬ್ರೇಕು. ಭಾರ ಹೊತ್ತ ಗಾಡಿಗೆ ಏರಿಗಿಂತ ಇಳಿಜಾರೇ ಅಪಾಯಕರ ಎಂಬುದನ್ನು ಇಲ್ಲಿ ನೆನೆಯಬೇಕು.

ಹಾಗೆಂದು ಹೊಸ ಯಂತ್ರವೆಲ್ಲ ನಿರ್ದೋಷವೆನ್ನಲಾಗದು. ನೆದರ್ಲೆಂಡ್ಸಿನಲ್ಲಿ ೨೦೨೪ರ ಫೆಬ್ರವರಿಯಲ್ಲಿ ಚೌಕಟ್ಟು ಮುರಿಯುವ ಅಪಾಯವಿದೆಯೆಂದು ಸರ್ಕಾರಿ ಸುರಕ್ಷತಾ ಇಲಾಖೆಯು ಒಬ್ಬ ಪ್ರಸಿದ್ಧ ತಯಾರಕರ ಸರಕಿನ ಸೈಕಲ್ಲುಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು.

೫

ಯಂತ್ರ ಎಷ್ಟೇ ಉತ್ತಮವಾದರೂ ಸರಕಿನ ಸೈಕಲ್ಲು ಹೊರುವುದು ನೂರರಿಂದ ಇನ್ನೂರೈವತ್ತು ಕಿಲೋಗ್ರಾಂ ಮಾತ್ರ. ಅದು ಮತ್ತೆ ಮತ್ತೆ ಗೋದಾಮಿಗೆ ಮರಳಬೇಕು. ಆದುದರಿಂದ ಗೋದಾಮು ಎಲ್ಲಿದೆಯೆಂಬುದೇ ಈ ವ್ಯವಸ್ಥೆಯ ಜೀವಾಳ.

ಲಂಡನ್ನಿನ ವೇಗವನ್ನೇ ಆಧಾರವಾಗಿಟ್ಟುಕೊಂಡು ಒಂದು ಸರಳ ಲೆಕ್ಕ ಮಾಡಬಹುದು. ಸೈಕಲ್ಲು ಒಂದು ಸಲಕ್ಕೆ ೨೦ ಪೊಟ್ಟಣ ಹೊರುತ್ತದೆ, ಪೇಟೆಯಲ್ಲಿ ಅವುಗಳನ್ನು ಹಂಚಲು ೨ ಗಂಟೆ ಬೇಕು, ದಾರಿಯಲ್ಲಿ ಗಂಟೆಗೆ ೧೫ ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳೋಣ. ಗೋದಾಮು ಒಂದು ಕಿಲೋಮೀಟರು ದೂರದಲ್ಲಿದ್ದರೆ ಹೋಗಿಬರಲು ೮ ನಿಮಿಷ. ಎಂಟು ಗಂಟೆಯ ದಿನದಲ್ಲಿ ಸುಮಾರು ೭೫ ಪೊಟ್ಟಣ ಮುಟ್ಟುತ್ತವೆ. ಗೋದಾಮು ೧೫ ಕಿಲೋಮೀಟರು ದೂರವಾದರೆ ಹೋಗಿಬರಲು ಎರಡು ಗಂಟೆ. ದಿನಕ್ಕೆ ಎರಡೇ ಸರದಿ, ೪೦ ಪೊಟ್ಟಣ. ಅಷ್ಟೇ ದೂರವನ್ನು ಗಂಟೆಗೆ ೨೦ ಕಿಲೋಮೀಟರಿನಂತೆ ಒಂದೇ ಸಲ ಕ್ರಮಿಸುವ ವ್ಯಾನು, ಉಳಿದ ಆರೂವರೆ ಗಂಟೆಯಲ್ಲಿ ೩೯ ಪೊಟ್ಟಣ ಹಂಚುತ್ತದೆ. ಎಂದರೆ ಹದಿನೈದು ಕಿಲೋಮೀಟರಿನಲ್ಲಿ ಸೈಕಲ್ಲಿನ ಲಾಭವೆಲ್ಲ ಕರಗಿಹೋಯಿತು. ಭಿವಂಡಿಯಿಂದ ಕೋಟೆ ಪ್ರದೇಶಕ್ಕೆ ಸೈಕಲ್ಲಿನಲ್ಲಿ ಸರಕು ತರುವೆನೆಂಬುದು ಹುಚ್ಚು. ಮಸ್ಜಿದ್ ಬಂದರಿನಿಂದ ತರುವೆನೆಂಬುದು ವಿವೇಕ.

ನಗರದೊಳಗಣ ಈ ಪುಟ್ಟ ಗೋದಾಮನ್ನು ಒದಗಿಸುವ ಪ್ರಯೋಗಗಳೇ ಗಮನಾರ್ಹವಾದುವು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯು.ಪಿ.ಎಸ್. ಕಂಪನಿ ೨೦೧೨ರಲ್ಲಿ ಒಂದು ಕ್ರಮವನ್ನು ಆರಂಭಿಸಿತು: ಬೆಳಗ್ಗೆ ಸರಕು ತುಂಬಿದ ಕಂಟೇನರನ್ನು ಪೇಟೆಯ ನಡುವೆ ತಂದು ಇರಿಸುವುದು, ಹಗಲೆಲ್ಲ ಅಲ್ಲಿಂದ ಕಾಲ್ನಡಿಗೆಯಲ್ಲೂ ಸೈಕಲ್ಲಿನಲ್ಲೂ ಬಟವಾಡೆ ನಡೆಸುವುದು, ಸಂಜೆ ಕಂಟೇನರನ್ನು ಹಿಂದಕ್ಕೆ ಒಯ್ಯುವುದು. ಡಿ.ಎಚ್.ಎಲ್. ಕಂಪನಿ ೨೦೧೭ರಲ್ಲಿ ಫ್ರಾಂಕ್‌ಫರ್ಟ್ ಮತ್ತು ಉಟ್ರೆಕ್ಟ್ ನಗರಗಳಲ್ಲಿ ಇನ್ನೊಂದು ಉಪಾಯವನ್ನು ಪರೀಕ್ಷಿಸಿತು. ೧೨೫ ಕಿಲೋಗ್ರಾಂ ಹಿಡಿಯುವ ಪೆಟ್ಟಿಗೆಗಳನ್ನು ಮೊದಲೇ ತುಂಬಿ, ನಾಲ್ಕನ್ನು ಒಂದು ಎಳೆಗಾಡಿಯಲ್ಲಿ ತಂದು, ಪೇಟೆಯಲ್ಲಿ ಇಡೀ ಪೆಟ್ಟಿಗೆಯನ್ನೇ ಸೈಕಲ್ಲಿನ ಮೇಲಕ್ಕೆ ಸರಿಸುವುದು. ಇದರಿಂದ ಪೊಟ್ಟಣಗಳನ್ನು ಒಂದೊಂದಾಗಿ ಇಳಿಸಿ ಏರಿಸುವ ಹಮಾಲಿಯ ವೆಚ್ಚ ತಪ್ಪುತ್ತದೆ. ಸರಕನ್ನು ಒಂದು ಸಲ ಹೆಚ್ಚಾಗಿ ಮುಟ್ಟಿದರೂ ಖರ್ಚು ಏರುವುದೆಂಬ ವ್ಯಾಪಾರಿಯ ಹಳೆಯ ಅನುಭವಕ್ಕೆ ಇದು ಉತ್ತರ.

ಸರ್ಕಾರಗಳೂ ಸಹಕರಿಸಿದುವು. ಜರ್ಮನಿ ೨೦೨೧ರಲ್ಲಿ ವ್ಯಾಪಾರಕ್ಕಾಗಿ ವಿದ್ಯುತ್ ಸರಕು ಸೈಕಲ್ಲು ಕೊಳ್ಳುವವರಿಗೆ ಬೆಲೆಯ ನಾಲ್ಕನೆಯ ಒಂದು ಪಾಲನ್ನು, ೨,೫೦೦ ಯೂರೋ ಮಿತಿಯೊಳಗೆ, ಕೊಡುವ ಯೋಜನೆಯನ್ನು ತಂದಿತು. ನ್ಯೂಯಾರ್ಕ್ ನಗರ ೨೦೧೯ರ ಡಿಸೆಂಬರಿನಲ್ಲಿ ಪ್ರಯೋಗವನ್ನು ಆರಂಭಿಸಿ, ೨೦೨೪ರಲ್ಲಿ ೪೮ ಅಂಗುಲ ಅಗಲದ ನಾಲ್ಕು ಗಾಲಿಯ ಸರಕು ಸೈಕಲ್ಲುಗಳಿಗೂ ಅನುಮತಿಯಿತ್ತಿತು. ೨೦೨೫ರ ಜನವರಿ ೧ರಿಂದ ನೆದರ್ಲೆಂಡ್ಸಿನ ಹಲವು ನಗರಗಳು ತಮ್ಮ ಕೇಂದ್ರಭಾಗಕ್ಕೆ ಹೊಗೆಯುಗುಳುವ ಸರಕು ವಾಹನಗಳ ಪ್ರವೇಶವನ್ನು ಹಂತಹಂತವಾಗಿ ನಿರ್ಬಂಧಿಸತೊಡಗಿವೆ.

೬

ಹ್ಯಾಂಬರ್ಗಿನ ಕ್ರಮವನ್ನು ಓದಿದ ಮುಂಬಯಿಯವರಿಗೆ ಇದನ್ನು ಎಲ್ಲೋ ಕಂಡಂತೆನಿಸಿದರೆ ಆಶ್ಚರ್ಯವಿಲ್ಲ. ೧೮೯೦ರಲ್ಲಿ ಮಹಾದೇವ ಹಾವಜಿ ಬಚ್ಚೆಯವರು ಆರಂಭಿಸಿದ ಡಬ್ಬಾವಾಲಾಗಳ ವ್ಯವಸ್ಥೆಯ ತತ್ತ್ವ ಇದೇ. ಮನೆಮನೆಯಿಂದ ಡಬ್ಬಿಗಳನ್ನು ಸೈಕಲ್ಲಿನಲ್ಲಿ ಕೂಡಿಸುವುದು, ನಿಲ್ದಾಣದಲ್ಲಿ ಗುರುತಿನ ಪ್ರಕಾರ ವಿಂಗಡಿಸುವುದು, ದೂರದ ದಾರಿಯನ್ನು ಉಪನಗರ ರೈಲಿಗೆ ಒಪ್ಪಿಸುವುದು, ಚರ್ಚ್‌ಗೇಟಿನಂಥ ನಿಲ್ದಾಣದ ಹೊರಗೆ ಮತ್ತೆ ವಿಂಗಡಿಸಿ ಕೈಗಾಡಿ ಸೈಕಲ್ಲುಗಳಲ್ಲಿ ಕಚೇರಿಗಳಿಗೆ ಹಂಚುವುದು. ದೂರಕ್ಕೆ ಭಾರೀ ವಾಹನ, ಸಮೀಪಕ್ಕೆ ಹಗುರ ವಾಹನ, ನಡುವೆ ಕೈಬದಲಾಯಿಸುವ ಒಂದು ಜಾಗ. ಹ್ಯಾಂಬರ್ಗಿನಲ್ಲಿ ಕಂಟೇನರು ಮಾಡುವ ಕೆಲಸವನ್ನು ಇಲ್ಲಿ ಕಾಲುದಾರಿಯ ಕಲ್ಲುಹಾಸು ಮಾಡುತ್ತದೆ. ೨೦೨೦ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ಉಪನಗರ ರೈಲು ನಿಂತೊಡನೆ ಡಬ್ಬಿಗಳೂ ನಿಂತುವು. ಸೈಕಲ್ಲುಗಳಿದ್ದುವು, ಸವಾರರಿದ್ದರು, ರೈಲೂ ನಿಲ್ದಾಣವೂ ಕೈತಪ್ಪಿದ್ದುವು. ಸೈಕಲ್ಲು ಒಂಟಿಯಾಗಿ ಏನನ್ನೂ ಸಾಧಿಸದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ.

ಉಳಿದ ನಗರಗಳ ಹಳೆಯ ಪೇಟೆಗಳೂ ತಮ್ಮ ತಮ್ಮ ಮಾರ್ಗಗಳನ್ನು ಕಂಡುಕೊಂಡಿವೆ. ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಬಟ್ಟೆಯ ಗಂಟು ತಲೆಹೊರೆಯಲ್ಲಿಯೂ ತಳ್ಳುಗಾಡಿಯಲ್ಲಿಯೂ ಸಾಗುತ್ತದೆ. ಚೆನ್ನೈಯಲ್ಲಿ ಸೈಕಲ್ ಗಾಡಿಗೆ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಜೋಡಿಸಿ ಜನರೇ ‘ಮೀನ್ ಬಾಡಿ ವಂಡಿ’ ಎಂಬ ಬಂಡಿಯನ್ನು ಸೃಷ್ಟಿಸಿದರು. ಗಾಡಿಗಾರನಿಗೆ ಯಂತ್ರಶಕ್ತಿ ಬೇಕಾಗಿತ್ತೆಂಬುದನ್ನೂ ಅದನ್ನು ಒದಗಿಸುವವರು ಯಾರೂ ಇರಲಿಲ್ಲವೆಂಬುದನ್ನೂ ಅದು ಏಕಕಾಲಕ್ಕೆ ಸಾರುತ್ತದೆ. ದೆಹಲಿಯ ಚಾಂದನಿ ಚೌಕದ ಮುಖ್ಯ ಬೀದಿಯನ್ನು ನವೀಕರಿಸಿ ೨೦೨೧ರಲ್ಲಿ ತೆರೆದಾಗ ಬೆಳಗ್ಗೆ ೯ರಿಂದ ರಾತ್ರಿ ೯ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು.

ಆದರೆ ಒಟ್ಟಿನ ಧೋರಣೆ ಅನ್ಯಥಾ ಇದೆ. ಹ್ಯಾಂಬರ್ಗಿನಲ್ಲಿ ಕಂಟೇನರುಗಳಿಗೆ ಜಾಗ ಕೊಟ್ಟ ಮರುವರ್ಷ, ೨೦೧೩ರಲ್ಲಿ, ಕೋಲ್ಕತ್ತದಲ್ಲಿ ನೂರಕ್ಕೂ ಹೆಚ್ಚು ರಸ್ತೆಗಳಿಂದ ಸೈಕಲ್ಲುಗಳನ್ನೂ ಕೈಗಾಡಿಗಳನ್ನೂ ಹೊರಗಿಡಲಾಯಿತು. ದೆಹಲಿಯಲ್ಲಿ ಸೈಕಲ್ ರಿಕ್ಷಾಗಳ ಪರವಾನಗಿಯ ಸಂಖ್ಯೆಗೆ ೯೯,೦೦೦ದ ಮಿತಿಯಿತ್ತು. ಪರವಾನಗಿಯಿಲ್ಲದ ರಿಕ್ಷಾವನ್ನು ಜಪ್ತಿ ಮಾಡಿ ಜಜ್ಜಿಹಾಕುವ ಪದ್ಧತಿಯೂ ಇತ್ತು. ೨೦೧೦ರ ಫೆಬ್ರವರಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಈ ಮಿತಿಯನ್ನು ರದ್ದುಮಾಡಿತು. ಕಾರುಗಳ ಸಂಖ್ಯೆಗೆ ಮಿತಿಯಿಲ್ಲದ ನಗರದಲ್ಲಿ ರಿಕ್ಷಾಗಳಿಗೆ ಮಾತ್ರ ಮಿತಿಯಿದ್ದುದು ವಿಚಾರಾರ್ಹ.

೭

ಕೇಂದ್ರ ಸರ್ಕಾರದ ಕಾನೂನು ಈ ವಾಹನಕ್ಕೆ ಪ್ರತಿಕೂಲವೆನ್ನಲಾಗದು. ೨೦೧೪ರ ನಿಯಮಗಳೂ ೨೦೧೫ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯೂ ‘ಇ-ಕಾರ್ಟ್’ ಎಂಬ ಮೂರು ಗಾಲಿಯ ವಿದ್ಯುತ್ ಬಂಡಿಗೆ ಮಾನ್ಯತೆ ಕೊಟ್ಟುವು. ನಿಯಮಗಳಂತೆ ಅದು ೩೧೦ ಕಿಲೋಗ್ರಾಂ ಸರಕನ್ನು ಗಂಟೆಗೆ ೨೫ ಕಿಲೋಮೀಟರು ಮೀರದ ವೇಗದಲ್ಲಿ ಒಯ್ಯಬಹುದು. ಕೊರತೆಯಿರುವುದು ಬಂಡವಾಳದಲ್ಲಿ.

ಗಾಡಿ ಎಳೆಯುವವನು ಸಾಮಾನ್ಯವಾಗಿ ಅದರ ಒಡೆಯನಲ್ಲ. ದಿನಬಾಡಿಗೆ ತೆತ್ತು ಓಡಿಸುವವನು. ವರ್ಷಗಟ್ಟಲೆ ತೆತ್ತ ಬಾಡಿಗೆ ಗಾಡಿಯ ಬೆಲೆಯನ್ನು ಎಷ್ಟೋ ಸಲ ಮೀರಿದರೂ ಗಾಡಿ ಅವನದಾಗುವುದಿಲ್ಲ. ಒಡೆಯನಿಗಾದರೋ ಗೇರು, ಬ್ರೇಕು, ಮೋಟಾರುಗಳ ಮೇಲೆ ಹಣ ಹಾಕುವ ಪ್ರೇರಣೆಯಿಲ್ಲ, ಬೆವರು ಅವನದಲ್ಲವಷ್ಟೆ! ಸೈಕಲ್ ಗಾಡಿಯ ರಚನೆ ದಶಕಗಳಿಂದ ಬದಲಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಪ್ರಥಮ ನಿರ್ದೇಶಕರಾದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಶ್ರಮಿಸಿದುದು ಪ್ರಸಿದ್ಧವಾಗಿದೆ. ಹೀನವೆಂದು ಕಡೆಗಣಿಸಿದ ವಾಹನವೂ ತಂತ್ರಜ್ಞರ ಗಮನಕ್ಕೆ ಅರ್ಹವೆಂಬ ಅವರ ನಿಲುವು ಸೈಕಲ್ ಗಾಡಿಗೂ ಸಲ್ಲುವಂಥದು.

ಗುವಾಹಟಿಯಲ್ಲಿ ಪಶುವೈದ್ಯರಾದ ಪ್ರದೀಪ್ ಕುಮಾರ್ ಶರ್ಮಾ ಅವರು ೨೦೦೪ರಲ್ಲಿ ಆರಂಭಿಸಿದ ‘ರಿಕ್ಷಾ ಬ್ಯಾಂಕ್’ ಈ ಗಂಟನ್ನು ಬಿಡಿಸುವ ಒಂದು ದಾರಿಯನ್ನು ತೋರಿತು. ಸುಧಾರಿಸಿದ ರಿಕ್ಷಾವನ್ನು ಎಳೆಯುವವನಿಗೇ ಕೊಟ್ಟು, ಅವನು ಬಾಡಿಗೆಯಾಗಿ ತೆರುತ್ತಿದ್ದ ದಿನದ ಹಣವನ್ನೇ ಕಂತಾಗಿ ಸ್ವೀಕರಿಸಿ, ಸಾಲ ತೀರಿದಾಗ ಅವನನ್ನೇ ಒಡೆಯನನ್ನಾಗಿ ಮಾಡುವುದು ಅದರ ಕ್ರಮ. ಕನ್ನಡ ನಾಡಿನವರಿಗೆ ಈ ತತ್ತ್ವ ಅಪರಿಚಿತವಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ದಿನಕ್ಕೆ ಎರಡಾಣೆ ಕೂಡ ಬ್ಯಾಂಕಿನ ವ್ಯವಹಾರಕ್ಕೆ ಯೋಗ್ಯವಾದ ಹಣವೆಂದೂ, ಬಡವನು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಅವನ ಬಾಗಿಲಿಗೆ ಹೋಗಬೇಕೆಂದೂ ತೋರಿಸಿಕೊಟ್ಟಿತು. ಅದು ಹಣಕಾಸಿನ ಕೊನೆಯ ಮೈಲಿ. ದಿನದ ಉಳಿತಾಯವನ್ನು ಕೂಡಿಸಲು ಸಾಧ್ಯವಾದುದಾದರೆ, ದಿನದ ಕಂತನ್ನು ಕೂಡಿಸುವುದು ಅಸಾಧ್ಯವಾಗಬೇಕಿಲ್ಲ.

ಬಡವರಿಗಾಗಿ ಶೇಕಡಾ ೪ರ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆ ೧೯೭೨ರಿಂದ ಬ್ಯಾಂಕುಗಳಲ್ಲಿ ಜಾರಿಗೆ ಬಂತು. ಅದರ ಗರಿಷ್ಠ ಮೊತ್ತವನ್ನು ೨೦೦೭ರಲ್ಲಿ ೧೫,೦೦೦ ರೂಪಾಯಿಗೆ ಏರಿಸಲಾಯಿತು. ಆ ಮೊತ್ತದಲ್ಲಿ ಬೆವರಿನಿಂದ ಓಡುವ ಗಾಡಿ ಬರುತ್ತದೆ. ಮೋಟಾರಿನ ಸಹಾಯವುಳ್ಳ ಗಾಡಿ ಬರುವುದಿಲ್ಲ. ಗಾಡಿಗಾರನು ಹಳೆಯ ಗಾಡಿಯಲ್ಲೇ ಉಳಿದು, ಬ್ಯಾಟರಿ ಬಂಡಿಗಳ ದಂಡನ್ನೇ ಕೊಳ್ಳಬಲ್ಲ ಕಂಪನಿಗಳು ಪೇಟೆಗೆ ಬಂದರೆ ಏನಾದೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹೊಗೆ ಕಡಿಮೆಯಾಗುತ್ತದೆ, ಸರಕು ಬೇಗ ಮುಟ್ಟುತ್ತದೆ. ತಲೆಮಾರುಗಳಿಂದ ಆ ಓಣಿಗಳನ್ನು ಬಲ್ಲವನು ಮಾತ್ರ ತನ್ನ ಉದ್ಯೋಗಕ್ಕೆ ಎರವಾಗಿ, ಪೊಟ್ಟಣಕ್ಕೆ ಇಷ್ಟೆಂಬ ಕೂಲಿಗೆ ಇನ್ನೊಬ್ಬರ ಗಾಡಿಯನ್ನು ತುಳಿಯಬೇಕಾಗುತ್ತದೆ.

೮

ಮೇಲ್ಕಂಡ ವಿವೇಚನೆಯಿಂದ ಫಲಿಸುವುದು ಇಷ್ಟು. ಸರಕಿನ ಸೈಕಲ್ಲು ಲಾರಿಗೆ ಪ್ರತಿಸ್ಪರ್ಧಿಯಲ್ಲ, ಅದರ ಕಿರಿಯ ಪಾಲುದಾರ. ನಿಲುಗಡೆಗಳು ದಟ್ಟವಾಗಿ, ಪೊಟ್ಟಣಗಳು ಸಣ್ಣವಾಗಿ, ಗೋದಾಮು ಸಮೀಪದಲ್ಲಿರುವೆಡೆ ಅದನ್ನು ಮೀರಿಸುವ ವಾಹನವಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದರ ಲಾಭ ಸಂಶಯಾಸ್ಪದ. ಆದುದರಿಂದ ಅದಕ್ಕೆ ಬೇಕಾದುದು ಮೊದಲನೆಯದಾಗಿ ಪೇಟೆಯೊಳಗೆ ಸರಕು ಕೈಬದಲಾಯಿಸುವ ಜಾಗ, ಎರಡನೆಯದಾಗಿ ಒಳ್ಳೆಯ ಯಂತ್ರ, ಮೂರನೆಯದಾಗಿ ಆ ಯಂತ್ರವನ್ನು ಓಡಿಸುವವನೇ ಕೊಳ್ಳುವಂಥ ಸಾಲ.

ಇವುಗಳಲ್ಲಿ ಮೊದಲನೆಯದು ನಗರಪಾಲಿಕೆಗಳ ಕೈಯಲ್ಲಿದೆ, ಅದಕ್ಕೆ ಹೆಚ್ಚಿನ ಹಣವೂ ಬೇಡ. ಒಂದು ಕಾರನ್ನು ನಿಲ್ಲಿಸಲು ಗುರುತುಮಾಡಿದ ಐದು ಮೀಟರು ಉದ್ದ, ಎರಡೂವರೆ ಮೀಟರು ಅಗಲದ ಜಾಗದಲ್ಲಿ ನಾಲ್ಕು ಸರಕಿನ ಸೈಕಲ್ಲುಗಳು ನಿಲ್ಲುತ್ತವೆ. ಪ್ರತಿಯೊಂದು ಹಳೆಯ ಪೇಟೆಯ ಬಾಯಲ್ಲಿ ಅಂಥ ಹತ್ತು ಜಾಗಗಳನ್ನು ಬಿಡಿಸಿ ಸರಕಿನ ಸೈಕಲ್ಲುಗಳಿಗೆಂದು ಬರೆದರೆ ನಲವತ್ತು ಗಾಡಿಗಾರರು ಯಾರ ಭಯವೂ ಇಲ್ಲದೆ ತಮ್ಮ ಸರಕನ್ನು ಇಳಿಸಿಕೊಳ್ಳಬಲ್ಲರು. ಹತ್ತು ಕಾರುಗಳಿಗೆ ಬೇರೆ ಸ್ಥಳವನ್ನು ಹುಡುಕಬೇಕಾಗುವುದೆಂಬುದು ನಿಜ. ಇಷ್ಟು ಕಾಲ ಹುಡುಕುವ ಸರದಿ ಗಾಡಿಗಾರರದಾಗಿತ್ತು.